ಸೊಳ್ಳೆ ಬತ್ತಿ: ಒಂದು ಸುರುಳಿಯಲ್ಲಿ ಎಷ್ಟು ಹೊಗೆ?

ಸೊಳ್ಳೆ ಬತ್ತಿಯಲ್ಲಿ ಕೀಟನಾಶಕ ಇರೋದು ಚೂರೇ ಚೂರು. ಉಳಿದದ್ದು ಮರದ ಪುಡಿ, ತೆಂಗಿನ ಚಿಪ್ಪಿನ ಪುಡಿ, ಅಂಟಿನಂಥವು. ರಾತ್ರಿಯಿಡೀ ಹೊಗೆಯಾಗೋದು ಹೆಚ್ಚಾಗಿ ಇವೇ.

ಚೀನಾ, ಮಲೇಷ್ಯಾದ ಬತ್ತಿಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಒಂದು ಬತ್ತಿ ಪೂರ್ತಿ ಉರಿದರೆ ಹೊರಬರುವ ಸೂಕ್ಷ್ಮ ಕಣಗಳ (ಪಿಎಂ 2.5) ತೂಕ 75ರಿಂದ 137 ಸಿಗರೇಟು ಸುಟ್ಟಷ್ಟು. ಹಾಗಂತ ಅಷ್ಟು ಸಿಗರೇಟು ಸೇದಿದಂತೆ ಅಂತಲ್ಲ. ಕಣಗಳು ಕೋಣೆಯ ಗಾಳಿಯಲ್ಲಿ ಹರಡುತ್ತವೆ. ಆದರೆ ಸೊಳ್ಳೆ ಬರುತ್ತೆ ಅಂತ ಕಿಟಕಿಯನ್ನೂ ಮುಚ್ಚಿದರೆ, ಮಲಗಿದ ಮಗು ಬೆಳಗಿನವರೆಗೆ ಉಸಿರಾಡೋದು ಅದನ್ನೇ. ಶ್ವಾಸಕೋಶದ ಆಳಕ್ಕಿಳಿಯುವ ಈ ಕಣಗಳಿಂದ ಅಸ್ತಮಾ ಇರುವವರ ಉಬ್ಬಸ ಹೆಚ್ಚಬಹುದು. ಗಲ್ಲಾ ಪೆಟ್ಟಿಗೆ ಕೆಳಗೆ ಬತ್ತಿ ಹಚ್ಚಿಟ್ಟು ದಿನವಿಡೀ ಕೂರುವ ಅಂಗಡಿಯವರಿಗೂ ಇದೇ ಲೆಕ್ಕ.

ಹಚ್ಚಲೇಬೇಕಿದ್ದರೆ ಕಿಟಕಿ ತೆರೆದಿರಲಿ. ಪರದೆ ಕಟ್ಟಿದರೆ ಹೊಗೆಯ ಪ್ರಶ್ನೆಯೇ ಇಲ್ಲ.