ಹಳೆಯ ಪಿಸಿಗೆ ಕೀಬೋರ್ಡ್: ಪ್ಲಗ್ ಕೂತರೆ ಸಾಕೇ?

ಐಬಿಎಂ 1981ರಲ್ಲಿ ಹೊರತಂದ ಮೊದಲ ಪಿಸಿ ಅಥವಾ 1983ರ ಎಕ್ಸ್‌ಟಿ ನಿಮ್ಮ ಕೈಸೇರಿದೆ, ಆದರೆ ಕೀಬೋರ್ಡ್ ಇಲ್ಲ ಎಂದುಕೊಳ್ಳಿ. ಗುಜರಿಯಲ್ಲಿ ಐದು ಪಿನ್ನಿನ ದುಂಡನೆಯ ಪ್ಲಗ್ ಇರುವ ಕೀಬೋರ್ಡೊಂದು ಸಿಗುತ್ತದೆ, ಸಲೀಸಾಗಿ ಕೂರುತ್ತದೆ. ಆನ್ ಮಾಡಿದರೆ ಪರದೆಯಲ್ಲಿ 301 ಎಂಬ ದೋಷಸಂಖ್ಯೆ! ಕೀಬೋರ್ಡ್ ಕೆಟ್ಟಿದೆ ಎಂದು ಎಸೆಯುವ ಮೊದಲು ಸ್ವಲ್ಪ ತಾಳಿ.

1984ರ ಎಟಿ ಮಾದರಿಯಲ್ಲಿ ಐಬಿಎಂ ಅದೇ ಪ್ಲಗ್ ಉಳಿಸಿಕೊಂಡು ಒಳಗಿನ ಭಾಷೆಯನ್ನೇ ಬದಲಿಸಿತು. ಎಕ್ಸ್‌ಟಿಯಲ್ಲಿ ಕೀ ಸಂಕೇತಗಳು ಕಂಪ್ಯೂಟರಿನತ್ತ ಹೋಗುತ್ತವೆ, ಅಷ್ಟೆ. ಎಟಿಯಲ್ಲಿ ಕಂಪ್ಯೂಟರೂ ಕೀಬೋರ್ಡಿಗೆ ಆಜ್ಞೆ ಕೊಡಬಲ್ಲದು. ಕ್ಯಾಪ್ಸ್ ಲಾಕ್ ದೀಪ ಹೊತ್ತಿಸುವುದು ಹೀಗೆಯೇ. ಪ್ರತಿ ಸಂಕೇತವೂ ತಪ್ಪು ಪತ್ತೆಯ ಬಿಟ್ ಸೇರಿ 11 ಬಿಟ್‌ಗಳಲ್ಲಿ ಬರುತ್ತದೆ. ಹಳೆಯ ಪಿಸಿಗೆ ಇದು ಅರ್ಥವಾಗದು.

ಆದ್ದರಿಂದ ಮೊದಲು ಕೀಬೋರ್ಡನ್ನು ಮಗುಚಿ ನೋಡಿ. ಎರಡೂ ಕಾಲಕ್ಕೆ ಒಗ್ಗುವಂತೆ ಮಾಡಿದ ಕೆಲವದರ ಅಡಿಯಲ್ಲಿ ಎಕ್ಸ್, ಎ ಎಂಬ ಗುರುತಿನ ಪುಟ್ಟ ಸ್ವಿಚ್ ಇರುತ್ತದೆ. ನಿಮಗೆ ಬೇಕಾದದ್ದು ಎಕ್ಸ್. ಸ್ವಿಚ್ ಇಲ್ಲವೇ? ಅಗ್ಗದ ಪಿಎಸ್/2 ಅಡಾಪ್ಟರ್ ಕೊಳ್ಳಬೇಡಿ. ಅದು ಪ್ಲಗ್ಗಿನ ಆಕಾರ ಬದಲಿಸುತ್ತದೆಯೇ ಹೊರತು ಭಾಷೆಯನ್ನಲ್ಲ. ಎಟಿಯಿಂದ ಎಕ್ಸ್‌ಟಿಗೆ ಅನುವಾದಿಸುವ, ಮೈಕ್ರೋಕಂಟ್ರೋಲರ್ ಇರುವ ಪರಿವರ್ತಕವೇ ಬೇಕು. ಪ್ಲಗ್ ಬದಲಿಸುವಾಗ ಪಿಸಿ ಆಫ್ ಆಗಿರಲಿ.

ಇಷ್ಟಾದರೂ ಅನೇಕ ಕೀಗಳು ಸ್ಪಂದಿಸದಿದ್ದರೆ ಒಳಗಿನ ಸ್ಪಂಜನ್ನು ನಾವು ಶಂಕಿಸುತ್ತೇವೆ. ಕಾಂಪ್ಯಾಕ್ ಪೋರ್ಟಬಲ್‌ನಂಥ ಯಂತ್ರಗಳಲ್ಲಿ ಕೀ ಅಡಿಯ ಸ್ಪಂಜು ದಶಕಗಳಲ್ಲಿ ಪುಡಿಯಾಗಿರುತ್ತದೆ. ಹೊಸ ಬಿಲ್ಲೆಗಳನ್ನು ಹಾಕಿದರೆ ಕೀಬೋರ್ಡ್ ಮತ್ತೆ ಕೆಲಸಕ್ಕೆ ಬರುತ್ತದೆ.