ವಾರಕ್ಕೊಮ್ಮೆಯ ಮಾತ್ರೆ: ಬಾಯಿ ಕ್ಯಾನ್ಸರ್‌ಗೆ ಹಳೇ ಔಷಧ ಮರಳಿದ ಕಥೆ

ಎಪ್ಪತ್ತು ದಾಟಿದ ಅಜ್ಜನಿಗೆ ಬಾಯಿ ಕ್ಯಾನ್ಸರ್ ಅಂತ ಇಟ್ಕೊಳ್ಳಿ. ಆಪರೇಷನ್ ಮಾಡೋ ಹಂತ ದಾಟಿದೆ. ಡಾಕ್ಟರು ಕೀಮೋ ಅಂದ ತಕ್ಷಣ ಮನೆಯವರ ಮೊದಲ ಪ್ರಶ್ನೆ, "ಈ ವಯಸ್ಸಲ್ಲಿ ಇವರು ತಡ್ಕೋತಾರಾ?" ಇವತ್ತಿನ ಸಂಚಿಕೆ ಆ ಪ್ರಶ್ನೆಯ ಸುತ್ತ ಇರುವ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯ ಬಗ್ಗೆ.

ಕಥೆ ಶುರುವಾಗೋದು 1940ರ ದಶಕದ ಅಮೆರಿಕದಲ್ಲಿ. ಜೀವಕೋಶ ಬೆಳೆಯೋಕೆ ಫೋಲಿಕ್ ಆಮ್ಲ ಬೇಕು. ಅದರಂತೆಯೇ ಕಾಣುವ ನಕಲಿ ಅಣು ಕೊಟ್ಟರೆ? ಬೀಗದೊಳಗೆ ತಪ್ಪು ಕೀಲಿ ಸಿಕ್ಕಿಕೊಂಡ ಹಾಗೆ, ಕೆಲಸ ನಿಲ್ಲುತ್ತೆ. ಅಂಥ ಅಣುಗಳನ್ನು ತಯಾರಿಸಿದ್ದು ಲೆಡರ್ಲೆ ಕಂಪನಿಯಲ್ಲಿ, ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. 1948ರಲ್ಲಿ ಬಾಸ್ಟನ್‌ನ ಸಿಡ್ನಿ ಫಾರ್ಬರ್, ಅಮಿನೊಪ್ಟೆರಿನ್‌ನಿಂದ ರಕ್ತಕ್ಯಾನ್ಸರ್ ಇದ್ದ ಮಕ್ಕಳು ತಾತ್ಕಾಲಿಕವಾಗಿ ಚೇತರಿಸಿಕೊಂಡದ್ದನ್ನು ಪ್ರಕಟಿಸಿದರು. ಮೆಥೊಟ್ರೆಕ್ಸೇಟ್ ಅದರ ಒಡಹುಟ್ಟು. ಸುಬ್ಬರಾವ್ ಅದೇ ವರ್ಷ ತೀರಿಕೊಂಡರು.

ಆಮೇಲಿನ ದಶಕಗಳಲ್ಲಿ ಬೇರೆ ತರ್ಕ ಗೆದ್ದಿತು: ರೋಗಿ ತಾಳಬಲ್ಲ ಗರಿಷ್ಠ ಡೋಸ್ ಕೊಡು, ದೇಹ ಸುಧಾರಿಸಲು ಕೆಲವು ವಾರ ಬಿಡು, ಮತ್ತೆ ಕೊಡು. 1978ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸಿಸ್ಪ್ಲಾಟಿನ್ ಇಂಜೆಕ್ಷನ್ ತಲೆ-ಕುತ್ತಿಗೆ ಕ್ಯಾನ್ಸರ್‌ಗಳಿಗೂ ಬಂತು. ಒಳ್ಳೆ ಔಷಧವೇ. ಆದ್ರೆ ಕಿಡ್ನಿ, ಕಿವಿ, ನರಗಳಿಗೆ ಪೆಟ್ಟು ಕೊಡುತ್ತೆ. ವಯಸ್ಸಾದವರಲ್ಲಿ ಅವೇ ಮೊದಲು ಸೋತಿರುತ್ತವೆ, ಅಲ್ವಾ?

2000ದಲ್ಲಿ ಇಲಿಗಳ ಮೇಲಿನ ಪ್ರಯೋಗಗಳು ಇನ್ನೊಂದು ದಾರಿ ತೋರಿಸಿದವು. ಸಣ್ಣ ಡೋಸ್, ಬಿಡುವಿಲ್ಲದೆ. ಗೆಡ್ಡೆಗೆ ರಕ್ತ ಒಯ್ಯುವ ನಾಳಗಳ ಬೆಳವಣಿಗೆಯನ್ನೇ ಅದು ತಡೆಯುತ್ತಿತ್ತು. ಡಗ್ಲಸ್ ಹನಹಾನ್ ಮತ್ತು ಸಂಗಡಿಗರು ಇದಕ್ಕೆ 'ಮೆಟ್ರೊನೊಮಿಕ್' ಅಂತ ಹೆಸರಿಟ್ಟರು, ತಾಳ ಹಾಕುವ ಯಂತ್ರದ ನೆನಪಲ್ಲಿ. ನಮ್ಮಲ್ಲಿ 'ಮಾತ್ರೆ' ಅಂದ್ರೆ ಗುಳಿಗೆಯೂ ಹೌದು, ತಾಳದ ಅಳತೆಯೂ ಹೌದು. ಇಷ್ಟು ಚೆನ್ನಾಗಿ ಹೊಂದೋ ಪದ ಇನ್ನೊಂದಿಲ್ಲ.

ಮುಂಬೈನ ಟಾಟಾ ಮೆಮೋರಿಯಲ್ ವೈದ್ಯರು ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ದಿನಕ್ಕೆರಡು ಬಾರಿ ಸೆಲೆಕಾಕ್ಸಿಬ್ ಎಂಬ ಕೀಲುನೋವಿನ ಮಾತ್ರೆ ಜೋಡಿಸಿ, ಸಿಸ್ಪ್ಲಾಟಿನ್ ಎದುರು ಪರೀಕ್ಷೆಗಿಟ್ಟರು. 422 ರೋಗಿಗಳು. ಫಲಿತಾಂಶ 2020ರಲ್ಲಿ ಬಂತು. ಬದುಕಿದ ಅವಧಿಯ ಮಧ್ಯಾಂಕ ಮಾತ್ರೆಯವರಲ್ಲಿ 7.5 ತಿಂಗಳು, ಇಂಜೆಕ್ಷನ್‌ನವರಲ್ಲಿ 6.1. ತೀವ್ರ ಅಡ್ಡಪರಿಣಾಮ 19% ಮತ್ತು 30%.

ಒಂದೂವರೆ ತಿಂಗಳೂ ಇಲ್ಲ, ಇದೇನು ಮಹಾ ಅನ್ನಬಹುದು. ಗುಣವಾಗುವ ಮಾತು ಇಲ್ಲಿಲ್ಲ, ನಿಜ. ಆದ್ರೆ ಆ ತಿಂಗಳುಗಳನ್ನು ಡ್ರಿಪ್ ಕೆಳಗೆ ಕಳೀಬೇಕೋ ಮನೆ ಜಗಲಿ ಮೇಲೋ ಅನ್ನೋದು ಸಣ್ಣ ವಿಷಯವಲ್ಲ. ಕಾಮರ್ಸ್ ಓದಿದ ನನಗೆ ಕಾಣೋದು ಇನ್ನೊಂದು: ಎರಡೂ ಹಳೇ ಔಷಧಗಳು. ಪೇಟೆಂಟ್ ಮುಗಿದ ಮಾತ್ರೆಯ ಮೇಲೆ ದೊಡ್ಡ ಅಧ್ಯಯನಕ್ಕೆ ಯಾವ ಕಂಪನಿ ದುಡ್ಡು ಹಾಕುತ್ತೆ? ಇಂಥ ಪ್ರಶ್ನೆಯನ್ನು ಸಾರ್ವಜನಿಕ ಆಸ್ಪತ್ರೆಯೇ ಕೇಳಬೇಕು.

ಒಂದು ಎಚ್ಚರಿಕೆ. ಇದು ಸೌಮ್ಯ ಮಾತ್ರೆ ಅಂತ ಮೈಮರೆಯಬಾರದು. ಮೆಥೊಟ್ರೆಕ್ಸೇಟ್ ಕಿಡ್ನಿ ಮೂಲಕವೇ ಹೊರಹೋಗುತ್ತೆ; ಕಿಡ್ನಿ ಸೋತವರಲ್ಲಿ ದೇಹದೊಳಗೇ ಉಳಿಯುತ್ತೆ. ಹಾಗಾಗಿ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ. ವಾರದ್ದನ್ನು ಮರೆತು ದಿನಾ ನುಂಗಿದರೆ ಜೀವಕ್ಕೇ ಅಪಾಯ. ಮನೆಯಲ್ಲಿ ಯಾರಾದ್ರೂ ಇದನ್ನು ತಗೋತಿದ್ರೆ ಕ್ಯಾಲೆಂಡರ್‌ನಲ್ಲಿ ಆ ದಿನಕ್ಕೆ ಗುರುತು ಹಾಕಿಡಿ, ಮಾತ್ರೆ ಕೊಡೋ ಜವಾಬ್ದಾರಿ ಒಬ್ಬರೇ ವಹಿಸಿಕೊಳ್ಳಿ.