ಹಾವಿನ ವಿಷ, ಹುಳಿ ಹಾಲು ಮತ್ತ ನಮ್ಮವ್ವನ ಗುಳಿಗಿ

ಹೋದ ತಿಂಗಳ ನಮ್ಮವ್ವನ ಗುಳಿಗಿ ಡಬ್ಬಿ ತಗದು ನೋಡಿದ್ರ ಎಂಟು ದಿವಸದ ಬಿ.ಪಿ. ಗುಳಿಗಿ ಹಂಗ ಕೂತಿದ್ವು. ಮಶೀನ್ ಹಚ್ಚಿದ್ರ ಮ್ಯಾಲಿನ ನಂಬರ್ 170. "ಯಾಕವಾ?" ಅಂದ್ರ, "ಮೊಸರಿನ ಪ್ರೋಟೀನ್ ಬಿ.ಪಿ. ಇಳಸ್ತದಂತ, ವಾಟ್ಸಾಪಿನ್ಯಾಗ ಬಂದದ. ದಿನಾ ಎರಡು ಗ್ಲಾಸ್ ಮಜ್ಜಿಗಿ ಕುಡೀಲಿಕತ್ತೇನಿ" ಅಂದ್ಲು.

ಹುಬ್ಬಳ್ಳಿ ಮಂದಿಗೆ ಮಜ್ಜಿಗೀನ ಔಷಧ ಅಂದ್ರ ಯಾರು ಬ್ಯಾಡಂತಾರ್ರೀ? ಆದ್ರ ಈ ಮಾತಿನ ಮೂಲ ಹುಡುಕ್ಕೋತ ಹೋದ್ರ ನಾ ಹೋಗಿ ಮುಟ್ಟಿದ್ದು ಬ್ರೆಜಿಲ್ ದೇಶದ ಹಾವಿಗೆ!

ಅಲ್ಲಿ ಜರರಾಕಾ ಅಂತ ಒಂದು ವಿಷದ ಹಾವದ. ಅದು ಕಡದ್ರ ಬಿ.ಪಿ. ಒಮ್ಮೆಲೆ ಇಳೀತದ. 1965ರಾಗ ಸೆರ್ಜಿಯೊ ಫೆರೇರಾ ಅನ್ನೋ ವಿಜ್ಞಾನಿ ಆ ವಿಷದೊಳಗಿನ ಒಂದು ಅಂಶದ ಬಗ್ಗೆ ಬರೆದರು. ಅದು ಪೆಪ್ಟೈಡ್, ಅಂದ್ರ ಪ್ರೋಟೀನಿನ ಸಣ್ಣ ತುಣುಕು ಅಂತ ಆಮ್ಯಾಲೆ ಗೊತ್ತಾತು. ನಮ್ಮ ರಕ್ತನಾಳ ಬಿಗಿ ಆಗೂ ಹಂಗ ಮಾಡೋ 'ಎಸಿಇ' ಅನ್ನೋ ಕಿಣ್ವವನ್ನ ಅದು ತಡೀತದ. ಅದೇ ಜಾಡು ಹಿಡಿದು ತಯಾರಾದ ಕ್ಯಾಪ್ಟೊಪ್ರಿಲ್ ಗುಳಿಗಿಗೆ 1981ರಾಗ ಅಮೆರಿಕಾದಾಗ ಒಪ್ಪಿಗಿ ಸಿಕ್ತು. ನಿಮ್ಮನಿ ಗುಳಿಗಿ ಹೆಸರು 'ಪ್ರಿಲ್' ಅಂತ ಮುಗೀತಿದ್ರ, ಅದೂ ಇದೇ ವಂಶದ್ದು.

ವಿಷದಾಗ ಇದ್ದಂಥಾದ್ದು ಊಟದಾಗೂ ಸಿಗಬಹುದಲ್ಲಾ ಅಂತ ಜಪಾನಿನವರು ಹುಡುಕಿದರು. 1979ರಾಗ ಜೆಲಾಟಿನ್‌ದಾಗ, 1982ರಾಗ ಹಾಲಿನ ಕೇಸೀನ್ ಪ್ರೋಟೀನಿನಾಗ ಎಸಿಇ ತಡಿಯೋ ತುಣುಕು ಸಿಕ್ಕವು. 1995ರಾಗ ಕ್ಯಾಲ್ಪಿಸ್ ಕಂಪನಿಯವರು ಹುಳಿ ಹಾಲಿನಾಗ ಅಂಥಾವ ಎರಡು ಪೆಪ್ಟೈಡ್ ಗುರುತಿಸಿದರು. 1919ರಾಗ ಕ್ಯಾಲ್ಪಿಸ್ ಶುರು ಮಾಡಿದ ಮಿಶಿಮಾ ಕೈಉನ್‌ಗೆ ಆ ಪೇಯದ ವಿಚಾರ ಹೊಳೆದದ್ದು ಮಂಗೋಲರ ಹುಳಿ ಹಾಲು ಕುಡಿದಾಗ. ಅಂದ್ರ ಅದರ ಬೇರೂ ನಮ್ಮ ಮೊಸರಿನ ಗಡಿಗಿಯಂಥಾ ಮನಿ ಗಡಿಗ್ಯಾಗs ಅದ.

1996ರಾಗ ಬಿ.ಪಿ. ಇದ್ದ 30 ಮಂದಿ ಹಿರಿಯರ ಪರೀಕ್ಷೆ ಪ್ರಕಟ ಆತು. ಅವರಾಗ ಒಂದು ಗುಂಪಿನವರು ದಿನಾ 95 ಮಿ.ಲೀ. ಹುಳಿ ಹಾಲು ಎಂಟು ವಾರ ಕುಡಿದರು, ಅವರ ಬಿ.ಪಿ. ಇಳೀತು. ಆದ್ರ ವಾಟ್ಸಾಪಿನವರು ಹೇಳದ ಒಂದು ಮಾತದ: ಆ ಪರೀಕ್ಷೆಯೊಳಗಿನ ಬಹುತೇಕ ಮಂದಿ ಬಿ.ಪಿ. ಗುಳಿಗೀನೂ ತಗೋತಿದ್ರು. ಮುಂದ 2012ರಾಗ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ, ಈ ಎರಡು ಪೆಪ್ಟೈಡಿಂದ ಬಿ.ಪಿ. ಹತೋಟಿಗೆ ಬರ್ತದ ಅನ್ನೋದು ಸಾಬೀತಾಗಿಲ್ಲ ಅಂತು.

ಮ್ಯಾಲೆ, ಅವರು ಹೆಪ್ಪು ಹಾಕಿದ್ದು ಆರಿಸಿ ಬೆಳೆಸಿದ ಬ್ಯಾಕ್ಟೀರಿಯಾದಿಂದ. ನಮ್ಮ ಮನಿ ಹೆಪ್ಪಿನಾಗ ಯಾವ್ಯಾವು ಇರ್ತಾವೋ! ಅದರಾಗ ನಮ್ಮವ್ವನ ಮಜ್ಜಿಗಿಗೆ ಉಪ್ಪು ಕೈತುಂಬ, ಬಾಜೂಕ ಉಪ್ಪಿನಕಾಯಿ. ದಿನಕ್ಕ ಒಬ್ಬರಿಗೆ 5 ಗ್ರಾಂಗಿಂತ ಕಡಿಮಿ ಉಪ್ಪು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದ. ಅಂದ್ರ ಒಂದು ಚಹಾ ಚಮಚೆಯೊಳಗs ಇಡೀ ದಿನದ ಊಟ ಆಗ್ಬೇಕು.

ಇದೆಲ್ಲಾ ಹೇಳಿದ ಮ್ಯಾಲೆ ಅವ್ವ ಕೇಳಿದ್ದು ಒಂದs ಮಾತು: "ಅಂದ್ರ ಆ ಜಪಾನಿ ಮುದುಕರೂ ಗುಳಿಗಿ ಬಿಟ್ಟಿರಲಿಲ್ಲೇನು?"

ಮರುದಿನ ಡಾಕ್ಟರ್ ಕಡೆ ಹೋಗಿ ಬಂದ್ವಿ. ಈಗ ಗುಳಿಗಿ ಚಾಲೂ ಅದ, ಮಜ್ಜಿಗೀನೂ ಅದ. ಉಪ್ಪಿನ ಬದಲಿ ಜೀರಿಗಿ, ಕೊತ್ತಂಬರಿ.